ನಿಲುಗುಡಿಯಲ್ಲಿ ಕೂರಲು ಜಾಗವಿಲ್ಲ

ಸಾಲುಮನೆಗೂ ಬಂಗಲೆಪುರಕ್ಕೂ ನಡುವಿನ ಕಲ್ಲುದಿಬ್ಬವನ್ನು ನಿಲುಗುಡಿ ಎನ್ನುತ್ತಾರೆ. ಮೇಲೊಂದು ಪುಟ್ಟ ಚರ್ಚಿದೆ. ಗಾಳಿ ಅಲ್ಲಿ ಒಂದು ಗಳಿಗೆಯೂ ಸುಮ್ಮನಿರದು; ಬಾಗಿಲು ಬಡಿದುಕೊಳ್ಳುತ್ತಲೇ ಇರುತ್ತದೆ. ಬಿಸಿಲಲ್ಲಿ ಹತ್ತಿ ಬಂದವರು ಕೂರಲೆಂದು ಸುತ್ತ ಕಣ್ಣಾಡಿಸುತ್ತಾರೆ. ಬೆಂಚಿಲ್ಲ, ಕುರ್ಚಿಯಿಲ್ಲ, ಚಾಪೆಯೂ ಇಲ್ಲ.

ಹಿಂದೆ ಒಮ್ಮೆ, ಕಂಪನಿ ಸರ್ಕಾರದ ಕಾಲದಲ್ಲಿ, ಒಂದೇ ಹಡಗಿನಲ್ಲಿ ಬಂದ ಇಂಗ್ಲಿಷರು ದಿಬ್ಬದ ಎರಡು ಬದಿಗೆ ನೆಲೆಸಿದರಂತೆ. ಭಾಷೆ ಒಂದೇ, ದೇವರೂ ಒಬ್ಬನೇ. ಮೂಡಲಿಗೆ ಹೋದವರು ಹೆಂಡಿರು ಮಕ್ಕಳೊಂದಿಗೆ ಬಂದ ಒಕ್ಕಲುಗಳು. ತಂತಮ್ಮ ತುಂಡು ಹೊಲವನ್ನು ತಾವೇ ಉತ್ತರು, ಒಂದೇ ಎತ್ತರದ ಮನೆಗಳನ್ನು ಸಾಲಾಗಿ ಕಟ್ಟಿದರು, ಊರಿನ ಮಾತನ್ನೆಲ್ಲ ಸಭೆ ಸೇರಿ ತೀರ್ಮಾನಿಸಿದರು. ಆದರೆ ತಮ್ಮ ಮತದ ಪ್ರಮಾಣ ಮಾಡದವರನ್ನು ಪ್ರಾರ್ಥನೆ ನಡೆಯುವಲ್ಲಿ ಹೊಸ್ತಿಲೊಳಗೆ ಬಿಡುತ್ತಿರಲಿಲ್ಲ. ಪಡುವಲಿಗೆ ಹೋಗಿ ಬಂಗಲೆ ಕಟ್ಟಿಸಿದವನು ಒಬ್ಬ ದೊರೆ. ಕಣ್ಣು ಹಾಯುವಷ್ಟು ದೂರ, ಬಣ್ಣಕ್ಕಾಗಿ ಬೆಳೆದ ಅವನದೇ ನೀಲಿಗಿಡದ ತೋಟ, ಅದಕ್ಕೆ ಮ್ಯಾನೇಜರರು, ಮೇಸ್ತ್ರಿಗಳು, ಕೂಲಿಗಳು. ಅಲ್ಲಿ ಯಾರು ಬೇಕಾದರೂ ಒಳಗೆ ಬರಬಹುದಿತ್ತು, ತನ್ನ ಜಾಗ ಯಾವುದೆಂದು ಮರೆಯದಿದ್ದರೆ ಸಾಕು. ಒಂದು ತಲೆಮಾರು ಕಳೆಯುವಷ್ಟರಲ್ಲಿ ಇವರೂ ಅವರೂ ಒಂದೇ ನಾಡಿನವರೆಂದು ನಂಬುವುದೇ ಕಷ್ಟವಾಯಿತು. ಚರ್ಚನ್ನು ಕೂಡಿ ಕಟ್ಟಿಸಿದ್ದರೂ ಪ್ರಾರ್ಥನೆ ಒಂದು ಭಾನುವಾರ ಇವರದು, ಒಂದು ಭಾನುವಾರ ಅವರದು. ಸಾಲುಮನೆಯವರು ಹೆಚ್ಚುಕಡಿಮೆಯಿಲ್ಲದ ಬೆಂಚು ಹಾಕುವರು. ಬಂಗಲೆಪುರದವರು ಅದನ್ನು ಹೊರಗೆಳೆದು ಮುಂದೆ ದೊರೆಯ ಗಾದಿಕುರ್ಚಿ, ಹಿಂದೆ ಬೆತ್ತದ ಕುರ್ಚಿ, ಕೊನೆಗೆ ಕೂಲಿಗಳಿಗೆ ಚಾಪೆ ಹಾಸುವರು.

ಸಾಲುಮನೆಯ ಸ್ಯಾಮುಯೆಲನನ್ನು ಸುತ್ತಲಿನವರು ಸಾಮೇಲಯ್ಯ ಎನ್ನುತ್ತಿದ್ದರು. ಹಿಡಿದ ಹಟ ಬಿಡದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಅವನ ಮಗಳು ಮಾರ್ಗಿಯನ್ನು ಸಾಕಿದವಳು ಕೆಳಗಿನ ಹಟ್ಟಿಯ ಚಿಕ್ಕತಾಯಮ್ಮ. ಆ ಮಾರ್ಗಿಗೆ ದೊರೆಯ ಅಣ್ಣನ ಮಗನೊಂದಿಗೆ ಮದುವೆ ಗೊತ್ತಾಯಿತು. ಎರಡೂ ಊರು ಒಟ್ಟಿಗೆ ಒಳಗೆ ಕೂರಬೇಕಾಗಿ ಬಂದದ್ದು ಅದೇ ಮೊದಲು. ಮದುವೆಯ ಬೆಳಿಗ್ಗೆ ಬೆಂಚುಗಳೂ ಕುರ್ಚಿಗಳೂ ಒಂದೇ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡವು.

“ಮೇಸ್ತ್ರಿಗಳ ಹಿಂದೆ ನಿಮಗೂ ಒಂದು ಸ್ಟೂಲು ಹಾಕಿಸಿದ್ದೀವಲ್ಲ, ಸಾಲದೆ? ನೇಗಿಲು ಹಿಡಿದವರಿಗೆ ಗಾದಿ ಚುಚ್ಚುತ್ತೆ,” ಎಂದ ತೋಟದ ಮ್ಯಾನೇಜರ.

“ನನ್ನ ಬೆಂಚು ಒಳಗೆ ಹೋಗದಿದ್ದರೆ ನಾನೂ ಹೋಗುವುದಿಲ್ಲ,” ಎಂದ ಸಾಮೇಲಯ್ಯ. ಹಾಗೆಂದವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಚರ್ಚನ್ನು ಸುತ್ತಿದ, ಮತ್ತೆ ಸುತ್ತಿದ. ತಂದೆ ಕೈಹಿಡಿದು ಒಪ್ಪಿಸದೆ ಮದುವೆಯಿಲ್ಲ.

ಮಾರ್ಗಿ ಅವನಿಗೆ ಅಡ್ಡ ಬಂದಳು. “ಅವರ ಕುರ್ಚಿಗಳಲ್ಲಿ ನಿಮಗೆ ಜಾಗವಿಲ್ಲ, ಸರಿ. ನಿಮ್ಮ ಬೆಂಚುಗಳಲ್ಲಿ ನನ್ನನ್ನು ಸಾಕಿದ ಅವ್ವನಿಗೆ ಎಲ್ಲಿದೆ ಅಪ್ಪಾ? ಅವರಾದರೂ ಒಂದು ಚಾಪೆ ಹಾಸಿದ್ದಾರೆ.”

ಸಾಮೇಲಯ್ಯ ದಿಬ್ಬದ ಕೆಳಗೆ ನೋಡಿದ. ಹೊಸ ಸೀರೆಯುಟ್ಟ ಚಿಕ್ಕತಾಯಮ್ಮ, ಒಳಗೆ ತನಗೆ ಪ್ರವೇಶವಿಲ್ಲವೆಂದು ತಿಳಿದೇ, ಬೇಲಿಯ ಪಕ್ಕ ನಿಂತಿದ್ದಳು. ಅವನು ನುಗ್ಗಿ, ಮೊದಲು ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ತನ್ನ ಮನೆಯ ಬೆಂಚನ್ನೇ ಹೊರಗೆಳೆದನಂತೆ. ಆಮೇಲೆ ಕುರ್ಚಿಗಳು, ಚಾಪೆಗಳು, ಕೊನೆಗೆ ಗಾದಿಕುರ್ಚಿ. ನಂತರ ಕೆಳಗಿಳಿದು ಆ ಮುದುಕಿಯನ್ನು ಕೈಹಿಡಿದು ಕರೆತಂದ. ಪ್ರಮಾಣ ಮಾಡದವಳು ಹೊಸ್ತಿಲು ದಾಟಿದಳೆಂದು ಸಾಲುಮನೆಯ ಹಿರಿಯರು ಹೊರಗೇ ಉಳಿದರು. ದೊರೆ ಬಿಸಿಲಲ್ಲೇ ತನ್ನ ಗಾದಿಯ ಮೇಲೆ ಮುಖ ತಿರುಗಿಸಿ ಕುಳಿತ. ಒಳಗೆ ನಿಂತ ನಾಲ್ಕಾರು ಮಂದಿಯ ಎದುರು ಮದುವೆ ನಡೆಯಿತು.

ಮಂಡಿನೋವಿನ ಚಿಕ್ಕತಾಯಮ್ಮ ಬಲಗಡೆಯ ಕಂಬಕ್ಕೆ ಒರಗಿ ಗೊಣಗಿದಳು: “ಒಳಕ್ಕೆ ಕರೆದಿರಿ, ಸಾಮೇಲಯ್ಯ. ಕೂರಕ್ಕೆ ಒಂದು ಮಣೆನಾದ್ರೂ ಬಿಡಬಾರದಿತ್ತಾ?”

“ಇವತ್ತು ಒರಗಿಕೋ ತಾಯಿ,” ಎಂದ ಅವನು. “ಮಣೆ ಹಾಕೋಕೆ ಈ ಎರಡೂ ಊರು ಒಪ್ಪಬೇಕು.”

ಊರುಗಳು ಒಪ್ಪಲೇ ಇಲ್ಲ. ಇವರ ಬೆಂಚನ್ನು ಅವರು, ಅವರ ಕುರ್ಚಿಯನ್ನು ಇವರು ಮತ್ತೆ ಒಳಗೆ ಬಿಡಲಿಲ್ಲ. ನೀಲಿ ತೋಟ ಹೋಯಿತು, ಒಕ್ಕಲುಗಳೂ ಚದುರಿದರು. ಈಗ ಬರುವವರು ಕೂರಲು ಜಾಗ ಹುಡುಕಿ, ಸಿಗದೆ, ಕೊನೆಗೆ ಬಲಗಡೆಯ ಕಂಬಕ್ಕೇ ಒರಗುತ್ತಾರೆ. ಹೆಗಲೆತ್ತರದಲ್ಲಿ ಆ ಕಲ್ಲು ನುಣುಪಾಗಿ ಹೊಳೆಯುತ್ತದೆ.