ಕೊತ್ವಾಲನ ಹೊಗೆ, ಸೆಟ್ಟಿಯ ಬತ್ತಾಸು

ಹತ್ತಿರ ಬಂದು ಕೂತು ಕೇಳಿ. ಬೆಟ್ಟದ ಬುಡದಲ್ಲಿ ಹಿರೇದುರ್ಗ ಅಂತ ಒಂದು ರಾಜ್ಯವಿತ್ತು. ಅದಕ್ಕೆ ಕಸ್ತೂರಿನಾಯಕ ಅಂತ ದೊರೆ. ಮನುಷ್ಯ ಒಳ್ಳೆಯವನೇ. ಆದರೆ ಕೊನೆಗೆ ಮಾತಾಡಿದವನ ಮಾತೇ ಅವನಿಗೆ ಸರಿ ಅನ್ನಿಸುತ್ತಿತ್ತು. ಹಿರೇದುರ್ಗದಲ್ಲಿ ಯಾವಾಗಲೂ ಕೊನೆಗೆ ಮಾತಾಡುತ್ತಿದ್ದವನು ಕೊತ್ವಾಲ ಜಟ್ಟಪ್ಪ. ಅಲ್ಲಿಗೆ ರಾಜ್ಯ ಆಳುತ್ತಿದ್ದವನು ಯಾರು ಅಂತ ನಿಮಗೇ ತಿಳಿಯಿತಲ್ಲ.

ಅದೇ ಊರಿನ ಪೇಟೆಯಲ್ಲಿ ಓಬಳಸೆಟ್ಟಿ ಅಂತ ಒಬ್ಬ ವ್ಯಾಪಾರಿಯಿದ್ದ. ಬೆಲ್ಲ, ಮಂಡಕ್ಕಿ, ಬೆಂಡು ಬತ್ತಾಸು ಮಾರುತ್ತಿದ್ದ. ತಕ್ಕಡಿಯಲ್ಲಿ ಇಡದೆ ಒಂದು ಚೂರು ಬೆಲ್ಲ ಅವನ ಅಂಗಡಿಯಿಂದ ಆಚೆ ಹೋದದ್ದಿಲ್ಲ. ಅವನಿಗೆ ತಾಯಿಯ ಹಾಗೆ ಸಾಕಿದ ಒಬ್ಬ ಅಕ್ಕ, ಸಿರಿಯಕ್ಕ. ಆಕೆಯ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ವಾಸಿಯಾಗುವ ರೋಗವಲ್ಲ. ನೋವು ಬಂದಾಗ ಮಂಚದ ಹಗ್ಗ ಕಚ್ಚಿ ಹಿಡಿಯುತ್ತಿದ್ದಳು. ಪಂಡಿತ ತಿಮ್ಮಣ್ಣಯ್ಯನವರು ಭಂಗಿ ಸೊಪ್ಪು ಅರೆದು ಒಂದು ಲೇಹ್ಯ ಮಾಡಿಕೊಡುತ್ತಿದ್ದರು. ಕಡಲೆಕಾಳಿನಷ್ಟು ನುಂಗಿದರೆ ಅಕ್ಕ ಎರಡು ತುತ್ತು ಉಂಡು ಕಣ್ಣು ಮುಚ್ಚುತ್ತಿದ್ದಳು. ಸೆಟ್ಟಿಗೆ ಅಷ್ಟೇ ಬೇಕಾಗಿತ್ತು.

ಒಂದು ದಿನ ಕೊತ್ವಾಲ ಸಭೆಯಲ್ಲಿ ಎದ್ದು ನಿಂತ.

"ಬುದ್ಧಿ, ಭಂಗಿಯಿಂದ ರಾಜ್ಯ ಹಾಳಾಗ್ತಾ ಇದೆ. ಎಲೆ ಮುಟ್ಟಿದರೆ ಮತಿ ಕೆಡುತ್ತೆ. ಹೊಗೆ ಮೂಗಿಗೆ ತಾಗಿದರೂ ಕೆಡುತ್ತೆ. ಹೊಗೆ ಕುಡಿದ ಹಸು ಹೆತ್ತ ಕರುವನ್ನೇ ಒದೀತಂತೆ. ಅಪ್ಪಣೆಯಾದರೆ ಮನೆಮನೆ ಜಾಲಾಡಿ, ಸಿಕ್ಕಿದ್ದನ್ನೆಲ್ಲ ಸುಟ್ಟುಬಿಡ್ತೀನಿ."

"ಮದ್ದಿಗಾದರೂ ಒಂದಿಷ್ಟು ಬಿಡಿ..." ಎಂದರು ಪಂಡಿತರು.

"ಮದ್ದಂತೆ ಮದ್ದು. ಒಂದೆಲೆ ಬಿಟ್ಟರೆ ನಾಳೆ ಊರಿಗೆ ಊರೇ ರೋಗಿಯಾಗುತ್ತೆ" ಎಂದ ಕೊತ್ವಾಲ.

ಕೊನೆಗೆ ಮಾತಾಡಿದವನು ಅವನೇ. ಅಪ್ಪಣೆಯಾಯಿತು.

ಕೊತ್ವಾಲನ ಆಳುಗಳು ಹೊಲ ಕಿತ್ತರು, ಅಟ್ಟ ಹತ್ತಿದರು, ಪಂಡಿತರ ಭರಣಿ ಒಡೆದರು. ಸಿರಿಯಕ್ಕ ಮತ್ತೆ ಹಗ್ಗ ಕಚ್ಚಿದಳು. ಇನ್ನು ಊರಲ್ಲಿ ಭಂಗಿ ಸಿಗದೆ ಹೋಯಿತೇ ಅಂದರೆ, ಅದೂ ಇಲ್ಲ. ಹಿತ್ತಿಲ ಬಾಗಿಲಲ್ಲಿ, ಹತ್ತು ಪಟ್ಟು ಬೆಲೆಗೆ, ಮುಸುಕು ಹಾಕಿಕೊಂಡು ಬಂದವರು ಕೊಟ್ಟು ಹೋಗುತ್ತಿದ್ದರು. ಸೆಟ್ಟಿ ಅಕ್ಕನಿಗಾಗಿ ಒಮ್ಮೆ ಕೊಂಡ. ಅರ್ಧ ಸೊಪ್ಪು, ಅರ್ಧ ಕಸ. ಅಕ್ಕ ವಾಂತಿ ಮಾಡಿಕೊಂಡಳು. ಸೆಟ್ಟಿ ಅಳುತ್ತಾ ಕೂರಲಿಲ್ಲ. ಸರಕೆಲ್ಲ ಕೊತ್ವಾಲನ ಕೈ ಸೇರಿದ ಮೇಲೆ ಪೇಟೆಗೆ ಇದು ಬರುವುದು ಎಲ್ಲಿಂದ ಅಂತ ಯೋಚಿಸಿದ.

ಮೊದಲನೇ ಸಲ ಕೊತ್ವಾಲ ಕೋಟೆ ಮೈದಾನದಲ್ಲಿ ರಾಶಿ ಹಾಕಿ ಬೆಂಕಿ ಇಟ್ಟ. ಡೋಲು ಬಡಿಸಿದ. ಜನ ಜಾತ್ರೆಯ ಹಾಗೆ ನೆರೆದರು. ಸೆಟ್ಟಿ ಒಂದು ಬುಟ್ಟಿ ಬತ್ತಾಸು ಹೊತ್ತು ಹೋದ. ಶಿವರಾತ್ರಿಗೆ ಬರುವ ಬೈರಾಗಿಗಳು ಭಂಗಿ ಚಿಲುಮೆ ಹಚ್ಚಿದರೆ ಅವರ ಸುತ್ತ ಕೂತವರು ಸೆಟ್ಟಿಯ ಬುಟ್ಟಿಯ ತಳ ಕೆರೆಯುತ್ತಿದ್ದರು. ಆ ಹೊಗೆ ಎದ್ದಲ್ಲಿ ಹಸಿವು ಏಳುತ್ತದೆ ಅಂತ ಅವನಿಗೆ ಗೊತ್ತಿತ್ತು. ಮೈದಾನದಲ್ಲಿ ಜನ ಕೆಮ್ಮಿದರು, ಕಣ್ಣು ಒರೆಸಿಕೊಂಡರು, ಮನೆಗೆ ಹೋದರು. ಬತ್ತಾಸು ಹಾಗೇ ಉಳಿಯಿತು.

ಎರಡನೇ ಸಲ ಇನ್ನೂ ದೊಡ್ಡ ರಾಶಿ. ಜನ ಕೆಮ್ಮಿದರು, ಕಣ್ಣು ಒರೆಸಿಕೊಂಡರು, ಮನೆಗೆ ಹೋದರು. ಬತ್ತಾಸು ಹಾಗೇ ಉಳಿಯಿತು.

"ತಗೊಂಡು ಹೋದದ್ದನ್ನ ಹಾಗೇ ತಂದ್ಯಲ್ಲೋ ಓಬಳ" ಎಂದಳು ಅಕ್ಕ ಮಲಗಿದಲ್ಲಿಂದಲೇ.

"ಏನ್ಮಾಡ್ಲಿ ಅಕ್ಕ. ಅಷ್ಟು ಹೊಗೆ ಕುಡಿದರೂ ಒಬ್ಬನಿಗೂ ಹಸಿವಾಗಲಿಲ್ಲ."

ಅಕ್ಕ ನೋವಿನಲ್ಲೂ ನಕ್ಕಳು. "ಕಡಲೆಕಾಳಿನಷ್ಟು ನುಂಗಿದರೆ ನಾನು ಬೆಲ್ಲದ ಗಡಿಗೆ ತಡಕಾಡ್ತಿದ್ದೆ. ಅವನು ಸುಟ್ಟದ್ದು ಅದ್ಯಾವ ಭಂಗಿಯೋ."

ಸೆಟ್ಟಿ ಬುಟ್ಟಿ ಕೆಳಗಿಟ್ಟು, ರುಮಾಲು ಸುತ್ತಿಕೊಂಡು, ನೆಟ್ಟಗೆ ಅರಮನೆಗೆ ಹೋದ.

"ಬುದ್ಧಿ, ನನಗೊಂದು ಅನುಮಾನ. ಹೊಗೆ ಮೂಗಿಗೆ ತಾಗಿದರೂ ಮತಿ ಕೆಡುತ್ತೆ ಅಂದಿದ್ರು ಕೊತ್ವಾಲರು. ಎರಡು ಸಲವೂ ಬೆಂಕಿ ಪಕ್ಕದಲ್ಲೇ ನಿಂತಿದ್ರು. ಅವರ ಮತಿ ನೆಟ್ಟಗೇ ಇದೆಯಲ್ಲ, ಅದು ಹೇಗೆ?"

ಸಭೆ ಮೀಸೆಯಡಿಯಲ್ಲೇ ನಕ್ಕಿತು. "ಏನು ಹೇಳ್ತಿದ್ದೀಯೋ ಬಿಡಿಸಿ ಹೇಳು" ಎಂದ ದೊರೆ.

"ಒಂದೋ, ಭಂಗಿ ಅವರು ಹೇಳಿದಷ್ಟು ಕೆಟ್ಟದ್ದಲ್ಲ. ಹಾಗಿದ್ದರೆ ರೋಗಿಗೆ ಕೊಡೋದಕ್ಕೇನು? ಇಲ್ಲವೋ, ಸುಟ್ಟದ್ದು ಭಂಗಿಯಲ್ಲ. ಯಾವುದು ಅಂತ ಅವರ ಬಾಯಲ್ಲೇ ಬರಲಿ."

"ಏ ಬತ್ತಾಸಿನ ಸೆಟ್ಟಿ, ಸುಟ್ಟದ್ದು ಭಂಗಿನೇ. ಗಾಳಿ ಆಚೆ ಕಡೆಗಿತ್ತು" ಎಂದ ಕೊತ್ವಾಲ.

"ಹಾಗಾದರೆ ಮುಂದಿನ ಸಲ ಗಾಳಿ ಬೀಸೋ ಕಡೆ ನಿಲ್ಲಲಿ ಬುದ್ಧಿ. ತಾವೂ ಬನ್ನಿ. ನಾನು ಬತ್ತಾಸು ತರ್ತೀನಿ. ಭಂಗಿ ಹೊಗೆ ಕುಡಿದವನು ಸಿಹಿ ಕಂಡರೆ ಬಿಡೋದಿಲ್ಲ. ಬುಟ್ಟಿ ತುಂಬಿದಂತೇ ಉಳಿದರೆ, ಸುಟ್ಟದ್ದು ಸುಳ್ಳು."

ಈ ಸಲ ಕೊನೆಗೆ ಮಾತಾಡಿದವನು ಸೆಟ್ಟಿ. ದೊರೆ ಹೂಂ ಅಂದ.

ಈಗ ಕೊತ್ವಾಲ ಏನು ಮಾಡಿಯಾನು? ಸುಳ್ಳು ಸುಟ್ಟರೆ ತಲೆ ಹೋಗುತ್ತದೆ. ನಿಜ ಸುಟ್ಟರೆ ಸರಕು ಹೋಗುತ್ತದೆ. ಸರಕೇ ಹೋಗಲಿ ಅಂದುಕೊಂಡು, ಕರುಳು ಕಿತ್ತು ಬಂದವನ ಹಾಗೆ ಮುಖ ಮಾಡಿಕೊಂಡು, ಮೂರನೇ ರಾಶಿಗೆ ಬೆಂಕಿ ಇಟ್ಟ.

ಜನ ಕೆಮ್ಮಿದರು, ಕಣ್ಣು ಒರೆಸಿಕೊಂಡರು. ಮನೆಗೆ ಮಾತ್ರ ಹೋಗಲಿಲ್ಲ. ಒಬ್ಬ ಆಳು ತನ್ನ ಈಟಿ ನೋಡಿ ಕಿಸಕ್ಕನೆ ನಕ್ಕ. ಪುರೋಹಿತರು ನೆಲದ ಮೇಲೆ ಕೂತು ಬತ್ತಾಸು ಕೇಳಿದರು. ದೊರೆ ಎರಡು ತಿಂದು ಮತ್ತೆ ಕೈಚಾಚಿದ. ಕೊತ್ವಾಲ ಜಟ್ಟಪ್ಪ ಬುಟ್ಟಿಯ ಪಕ್ಕದಲ್ಲೇ ಕೂತು, ಎರಡೂ ಕೈಯಲ್ಲಿ ಬಾಯಿಗೆ ತುಂಬಿಕೊಂಡು, ಬೆಂಕಿ ನೋಡುತ್ತಾ ಗೋಳೋ ಅಂತ ಅಳತೊಡಗಿದ.

"ಅಯ್ಯೋ ನನ್ನ ಸರಕು. ಕುದುರೆ ಲಾಯದ ಅಟ್ಟವೆಲ್ಲ ಖಾಲಿಯಾಯ್ತಲ್ಲಪ್ಪ. ಎರಡು ಸಲ ಒಣಗಿದ ಪುಂಡಿ ಸೊಪ್ಪು ಸುಟ್ಟೆ. ಪಲ್ಯದ ಸೊಪ್ಪು. ಎಲೆ ನೋಡೋಕೆ ಒಂದೇ ಥರ. ಒಬ್ಬನಿಗೂ ತಿಳೀಲಿಲ್ಲ. ಈ ಸೆಟ್ಟಿ ಮನೆ ಹಾಳಾಗ."

ದೊರೆ ಅಗಿಯುವುದನ್ನು ನಿಲ್ಲಿಸಿದ.

ಅಷ್ಟರಲ್ಲಿ ಪೇಟೆಯ ಸೋಮಾರಿಗಳಿಗೆ ಹುರುಪು ಬಂತು. "ಎಲ್ಲರಿಗೂ ಬಿಟ್ಟುಬಿಡಿ ಬುದ್ಧಿ. ನಮಗೂ ಸೊಂಟ ನೋವು" ಎಂದ ಒಬ್ಬ. "ನಮಗೆ ಮಂಡಿ" ಎಂದ ಇನ್ನೊಬ್ಬ. "ನಮಗೆ ಇಲ್ಲಿಂದ ಇಲ್ಲೀತನಕ" ಅಂತ ಮತ್ತೊಬ್ಬ ತಲೆಯಿಂದ ಕಾಲಿನವರೆಗೆ ತೋರಿಸಿದ. ಕೂಗಿದವರಲ್ಲಿ ಒಬ್ಬನೂ ಜೀವಮಾನದಲ್ಲಿ ಒಂದು ಮೂಟೆ ಎತ್ತಿದವನಲ್ಲ.

ದೊರೆ ಆಗಲೇ ತಲೆಯಾಡಿಸುತ್ತಿದ್ದ. ಸೆಟ್ಟಿ ನಡುವೆ ಬಾಯಿ ಹಾಕಿದ.

"ನೋವಿದ್ದವರಿಗೆ ಕೊಡೋಣ ಬುದ್ಧಿ, ಪಂಡಿತರ ಕೈಯಿಂದ, ನೆಲಬೇವು ಬೆರೆಸಿ. ಮಜಕ್ಕೆ ಬೇಕಾದವರು ಮಜಕ್ಕೆ ಬೇಕು ಅಂತ ತಮ್ಮ ಹೆಸರಲ್ಲೇ ಬಂದು ಕೇಳಲಿ, ಅದನ್ನ ಬೇರೆ ದಿನ ನೋಡೋಣ. ಹಾಸಿಗೆ ಹಿಡಿದವರನ್ನ ಮುಂದಿಟ್ಟುಕೊಂಡು ಕೇಳೋದು ಬೇಡ. ಇನ್ನು ತಾವು ಯಾರ ಮಾತೂ ಕೇಳಬೇಡಿ. ಊಟಕ್ಕೆ ಏಳಿ."

ದೊರೆಗೂ ಹೊಟ್ಟೆ ಚುರುಗುಟ್ಟುತ್ತಿತ್ತು. ಎದ್ದ.

ರಾಶಿಯಲ್ಲಿ ಸುಡದೆ ಉಳಿದ ಸೊಪ್ಪನ್ನು ಪಂಡಿತರು ಬಳಿದುಕೊಂಡು ಹೋಗಿ ಲೇಹ್ಯ ಅರೆದರು. ಮಾರನೇ ದಿನ ಅವರ ಮನೆ ಮುಂದೆ ಕುಂಟುವವರ ದೊಡ್ಡ ಸಾಲು. ನೆಲಬೇವಿನ ಕಹಿ ನಾಲಿಗೆಗೆ ತಾಗಿದ್ದೇ ತಡ, ಸೊಂಟದವನು ಉಗಿದು ನೆಟ್ಟಗೆ ನಡೆದ. ಮಂಡಿಯವನು ಓಡಿದ. ತಲೆಯಿಂದ ಕಾಲಿನವನು ಸಾಲಿನಲ್ಲೇ ವಾಸಿಯಾದ. ಉಳಿದವರು ಕೆಲವೇ ಮಂದಿ. ಅವರು ಮುಖ ಕಿವುಚಲಿಲ್ಲ, ನುಂಗಿದರು. ಕೊತ್ವಾಲನ ಪಟ್ಟ ಕಿತ್ತು ಅವನನ್ನು ಊರಾಚೆಯ ಪುಂಡಿ ಹೊಲ ಕಾಯಲು ಹಾಕಿದರು. ಮೂರು ಹೊತ್ತೂ ಅದೇ ಪಲ್ಯ.

ಸಿರಿಯಕ್ಕ ಕಹಿ ನುಂಗಿದಳು. ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಹಗ್ಗ ಬಿಟ್ಟಳು.

"ಓಬಳ, ಒಂದು ಚೂರು ಬೆಲ್ಲ ಕೊಡೋ."

ಓಬಳಸೆಟ್ಟಿ ಅಚ್ಚು ಒಡೆದ. ಜೀವಮಾನದಲ್ಲಿ ಮೊದಲ ಸಲ, ತೂಗದೆ ಕೊಟ್ಟ.

ಇಲ್ಲಿಗೆ ಕಥೆ ಆಯಿತು. ನೀತಿ ಇಷ್ಟು: ಸುಡಿ, ನಿಲ್ಲಿಸಿ ಅಂತ ಎಲ್ಲರಿಗಿಂತ ಜೋರಾಗಿ ಕೂಗುವವನ ಅಟ್ಟವನ್ನು ಮೊದಲು ಹತ್ತಿ ನೋಡಿ. ಮದ್ದು ಅಂತ ಕೈಚಾಚಿದವನಿಗೆ ಕಹಿಯಾಗಿ ಕೊಟ್ಟು ನೋಡಿ. ಇವರಿಬ್ಬರ ಗದ್ದಲದಲ್ಲಿ ನಿಜವಾಗಿ ನೋಯುತ್ತಿರುವವರನ್ನು ಮರೆತರೆ, ಆ ರಾಜ್ಯಕ್ಕೆ ಮತಿ ಕೆಡಲು ಭಂಗಿಯೇ ಬೇಕಾಗಿಲ್ಲ.