ಹಲ್ಲಿ ಯಾವ ಮಾತಿಗೆ ಲೊಚಗುಟ್ಟಿತು

"ಮೊಬೈಲನ್ನು ಎದುರು ಹಾಕಿಕೊಂಡು ನೀನು ಈ ಮನೆಯಲ್ಲಿ ಬದುಕಲಾರೆ" ಎಂದು ನಮ್ಮ ದೊಡ್ಡಪ್ಪ ಹಲ್ಲಿ ನನಗೆ ಹೇಳಿದ್ದ.

ಮನೆಯೊಡತಿ ಪುಟ್ಟನಂಜಮ್ಮ ಯಾವ ಮಾತನ್ನೇ ಕೇಳಲಿ, ಹಲ್ಲಿ ಲೊಚಗುಟ್ಟಿದರೆ ಮಾತ್ರ ನಿಜವೆಂದು ನಂಬುವವಳು. ಆಟೊ ಓಡಿಸುವುದನ್ನು ಕಲಿಯುತ್ತೇನೆಂದು ಸೊಸೆ ರತ್ನಿ ಅವಳ ಒಪ್ಪಿಗೆ ಕೇಳಿದ್ದಳು.

ಮೊಬೈಲ್ ನನ್ನನ್ನು ಕರೆಯಿತು. "ಆಟೊ ಓಡಿಸಿದ ಸೊಸೆಯರೆಲ್ಲ ಮನೆ ಒಡೆದರು ಅನ್ನೋ ವಿಡಿಯೊ ಪುಟ್ಟನಂಜಮ್ಮನಿಗೆ ತೋರಿಸ್ತೀನಿ. ಮುಗಿದ ಕೂಡಲೇ ಲೊಚಗುಟ್ಟು. ನನ್ನ ಬೆಳಕಿಗೆ ಬರುವ ಹುಳುಗಳೆಲ್ಲ ನಿನಗೇ."

"ಅಂಥ ಸೊಸೆಯನ್ನು ನೀನು ಕಂಡಿದ್ದೀಯಾ?"

"ನಾನ್ಯಾಕೆ ಕಾಣಬೇಕು ತಾಯಿ? ಎರಡು ಲಕ್ಷ ಜನ ವಿಡಿಯೊ ಕಂಡಿದ್ದಾರೆ."

ವಿಡಿಯೊ ಮುಗಿಯಿತು. ಪುಟ್ಟನಂಜಮ್ಮ ಗೋಡೆಯತ್ತ ನೋಡಿದಳು. ನಾನು ಬಾಯಿ ಬಿಡಲಿಲ್ಲ.

"ಅತ್ತೆ, ನಾನು ದುಡಿದು ಈ ಮನೆ ನಿಲ್ಲಿಸ್ತೀನಿ" ಎಂದಳು ರತ್ನಿ.

ನಾನು ಗಟ್ಟಿಯಾಗಿ ಲೊಚಗುಟ್ಟಿದೆ.

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಪುಟ್ಟನಂಜಮ್ಮ ನನ್ನತ್ತ ಪೊರಕೆ ಬೀಸಿದಳು. ಆದರೂ ರೂಢಿ ಬಿಡಲಾಗದೆ ನೆಲ ತಟ್ಟಿ, "ಕೃಷ್ಣ ಕೃಷ್ಣ" ಎಂದು, ಸೊಸೆಗೆ, "ಹೋಗಮ್ಮ, ಕಲಿ" ಎಂದಳು.

ಈಗ ಟ್ಯೂಬ್‌ಲೈಟಿನ ಹಿಂದಿನ ಜಾಗ ನನ್ನದು. ಅಲ್ಲಿಗೆ ಪೊರಕೆ ತರಲು ರತ್ನಿ ಯಾರನ್ನೂ ಬಿಡುವುದಿಲ್ಲ. ಅದಕ್ಕೆ ನಾನು ಕೊಟ್ಟದ್ದು ಅಂದಿನ ಪೊರಕೆಯೇಟಿಗೆ ಕಳಚಿದ ಒಂದು ಬಾಲ. ಮತ್ತೆ ಬೆಳೆದದ್ದು ತುಸು ಮೋಟು.