ಮೊದಲು ಮಜ್ಜಿಗೆ

ಗುತ್ತಿಗೆದಾರ ತಮ್ಮಣ್ಣಗೌಡರ ಕಾರು ಕೆಮ್ಮುತ್ತಿತ್ತು, ಏರು ಬಂದರೆ ನಿಂತೇಬಿಡುತ್ತಿತ್ತು. "ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದೀಯ, ಕಳ್ಳ ನನ್ಮಗನೆ! ನಾಳೆಯಿಂದ ಬರಬೇಡ" ಎಂದು ಡ್ರೈವರನ ಮೇಲೆ ಹರಿಹಾಯ್ದರು.

ಇಂಜಿನ್ ತೊಳೆಯುತ್ತೇನೆಂದು ಪ್ಲಗ್ಗಿನ ನಾಲ್ಕೂ ವೈರು ಕಿತ್ತು ಮತ್ತೆ ಸಿಕ್ಕಿಸಿದವನು ಗೌಡರ ಭಾಮೈದ.

"ವೈರು ಅದಲುಬದಲಾಗಿವೆ, ಬುದ್ಧಿ" ಎಂದ ಡ್ರೈವರ್.

ಗೌಡರು ಬಾನೆಟ್ಟಿನೊಳಗೆ ಇಣುಕಿದರು: "ನಾಲ್ಕೂ ಇವೆಯಲ್ಲ, ಇನ್ನೇನು?"

ಡ್ರೈವರ್ ಹಲ್ಲು ಕಚ್ಚಿದ. ಮಧ್ಯಾಹ್ನ ಗೌಡರೂ ಭಾಮೈದನೂ ಊಟಕ್ಕೆ ಕೂತಾಗ ಬಡಿಸಲು ತಾನೇ ನಿಂತ. ಗೌಡರ ಎಲೆಗೆ ಮೊದಲು ಮಜ್ಜಿಗೆ ಸುರಿದ. ಅದರ ಮೇಲೆ ಪಾಯಸ, ಪಾಯಸದ ಮೇಲೆ ಸಾರು, ಕೊನೆಗೆ ಅನ್ನ.

ಗೌಡರು ಸಿಡಿದರು: "ತಲೆ ಕೆಟ್ಟಿದೆಯೇನೋ? ಇದನ್ನು ಯಾವನು ತಿಂತಾನೆ?"

"ನಾಲ್ಕೂ ಇವೆಯಲ್ಲ ಬುದ್ಧಿ, ಇನ್ನೇನು? ನಿಮ್ಮ ಇಂಜಿನ್ನಿಗೂ ಭಾಮೈದರು ಹೀಗೇ ಬಡಿಸಿದ್ದಾರೆ."

ಗೌಡರು ಆ ಎಲೆಯನ್ನು ಭಾಮೈದನ ಮುಂದೆ ತಳ್ಳಿದರು.

"ತಿನ್ನು."

ಡ್ರೈವರನಿಗೆ ಹೇಳಿದರು: "ನೀನು ಹೋಗಿ ವೈರು ಸರಿಮಾಡು. ನಾಳೆ ಬೇಗ ಬಾ."